ಕ್ರಾನಿಕ್ ಅಂದರೆ

ಬೆಳಿಗ್ಗೆ ಎದ್ದು ಬರಿಹೊಟ್ಟೆಗೆ ಒಂದು ಮಾತ್ರೆ ನುಂಗಿ, ಅರ್ಧ ಗಂಟೆ ಗಡಿಯಾರ ನೋಡುತ್ತ ಕೂತು, ಆಮೇಲೆ ಉಪ್ಪಿನಕಾಯಿಯಿಲ್ಲದ ಗಂಜಿ ಕುಡಿಯುವುದು ಮೂರು ವಾರದಿಂದ ನನ್ನ ದಿನಚರಿ. ಮೀನುಸಾರು ಮಾತ್ರ ನಮ್ಮ ಮನೆಯವರಿಗಾಗಿ ಎಂದಿನಂತೆ ಕುದಿಯುತ್ತದೆ. ನಾನು ರುಚಿ ನೋಡುವಂತಿಲ್ಲ, ಸೌಟಿನಿಂದ ಎರಡು ಹನಿ ಇವರ ಅಂಗೈಗೆ ಬಿಡುತ್ತೇನೆ. ಇವರು ನೆಕ್ಕಿ, ಪೇಪರಿನಿಂದ ಕಣ್ಣೆತ್ತದೆ "ಆತು" ಅನ್ನುತ್ತಾರೆ. ಇವತ್ತು ಉಪ್ಪು ಹಾಕುವುದನ್ನೇ ಮರೆತಿದ್ದೆ. ಅದಕ್ಕೂ "ಆತು."

ಇಂಥವರ ಹತ್ತಿರ ಹೆದರಿಕೆ ಹೇಳಿಕೊಳ್ಳುವುದು ಹೇಗೆ? ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡಿದ ಡಾಕ್ಟರು ಒಳಪದರದ ಚೂರೊಂದನ್ನು ಪರೀಕ್ಷೆಗೆ ಕಳಿಸಿದ್ದರು. ಅದರ ರಿಪೋರ್ಟು ಬರುವ ದಿನ ಇವತ್ತು. ನನ್ನ ದೊಡ್ಡಮ್ಮ "ಗ್ಯಾಸು, ಗ್ಯಾಸು" ಅನ್ನುತ್ತಲೇ ಹೋದವಳು. ಅದು ಗ್ಯಾಸಲ್ಲ, ಕ್ಯಾನ್ಸರ್ ಎಂದು ತಿಳಿದದ್ದು ಕೊನೆಯ ತಿಂಗಳಲ್ಲಿ.

ಹೊನ್ನಾವರದಿಂದ ಬಸ್ಸು ಹತ್ತಿ ಒಬ್ಬಳೇ ಕುಮಟಾಕ್ಕೆ ಹೋದೆ. ಕಾನ್ವೆಂಟಿನಲ್ಲಿ ಓದಿದ ಸೊಕ್ಕಿಗೆ ಲಕೋಟೆಯನ್ನು ನಾನೇ ಒಡೆದೆ. ಅರ್ಥವಾದದ್ದು ಒಂದೇ ಪದ, ಕ್ರಾನಿಕ್. ಅದು ನನಗೆ ಹೊಸದಲ್ಲ. ಐದನೇ ಕ್ಲಾಸಿನ ರಿಪೋರ್ಟ್ ಕಾರ್ಡಿನಲ್ಲಿ ಸಿಸ್ಟರ್ ಕೆಂಪು ಶಾಯಿಯಲ್ಲಿ "ಕ್ರಾನಿಕ್ ಟಾಕರ್" ಎಂದು ಬರೆದಿದ್ದರು. ಅಪ್ಪ ಅರ್ಥ ಕೇಳಿದಾಗ ಸಿಸ್ಟರೇ, "ಮಾತಿನ ಕಾಯಿಲೆ, ವಾಸಿಯಾಗೂದಲ್ಲ" ಅಂದಿದ್ದರು. ಐವತ್ತೆರಡು ತುಂಬಿದರೂ ವಾಸಿಯಾಗಿಲ್ಲ. ಹಾಗಾದರೆ ಹೊಟ್ಟೆಯದು? ಬೆಂಚಿನ ಮೇಲೆ ಕೂತಲ್ಲೇ ನನ್ನ ರೇಷ್ಮೆ ಸೀರೆಗಳನ್ನೆಲ್ಲ ತಂಗಿಯರಿಗೆ ಹಂಚಿ, ಇಡಗುಂಜಿ ಗಣಪತಿಗೆ ಹರಕೆಯನ್ನೂ ಹೊತ್ತೆ.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಕ್ರಾನಿಕ್ ಅಂದ್ರೆ ಹಳೇದು ಅಂತ ಅಮ್ಮ, ದೊಡ್ಡದು ಅಂತಲ್ಲ. ಕ್ಯಾನ್ಸರ್ ಇಲ್ಲ. ಆದ್ರೆ ಒಂದು ಕಡೆ ಪದರ ಸವೆದಿದೆ, ಆಗಾಗ ನೋಡ್ತಾ ಇರ್ಬೇಕು. ಬರಿಹೊಟ್ಟೆಗೆ ನೋವಿನ ಮಾತ್ರೆ ಎಂತಾದ್ರೂ ತಗೊಳ್ತಿದ್ರಾ?"

ತಲೆನೋವಿಗೆ, ಬೆಳಗಿನ ಚಹಾದ ಜೊತೆ, ಎಂದೆ.

"ಎಷ್ಟು ವರ್ಷದಿಂದ?"

"ಮದುವೆ ಆದಾಗಿಂದ."

ಬಸ್ಸು ಧಾರೇಶ್ವರ ದಾಟಿದರೂ "ಸವೆದಿದೆ" ಎಂಬ ಮಾತು ನನ್ನ ಗಂಟಲಿಂದ ಇಳಿಯಲಿಲ್ಲ. ದೊಡ್ಡಮ್ಮನದೂ ಮೊದಲು ಬರೀ ಸವೆತವೇ ಇದ್ದಿರಬೇಕು. ಮನೆಗೆ ಬಂದು ಇವರಿಗೆ ಹೇಳಿದೆ. "ಕ್ಯಾನ್ಸರ್ ಇಲ್ಲ ಅಲ್ಲ? ಆತು."

ಸಂಜೆ ಪಕ್ಕದ ಮನೆಯ ಸುಶೀಲಾ ಅಂಗಳದಲ್ಲಿ ಒಣಗಿದ ಸಿಗಡಿ ಬಾಚುತ್ತಿದ್ದಳು. ಬೇಲಿಯ ಈಚೆ ನಿಂತು ನಳಿಗೆಯಿಂದ ಹಿಡಿದು ಸವೆತದವರೆಗೆ, ನಡುವೆ ದೊಡ್ಡಮ್ಮನ ಕೊನೆಯ ತಿಂಗಳನ್ನೂ ಸೇರಿಸಿ ಹೇಳಿದೆ. ಅವಳ ಸಿಗಡಿ ಮುಗಿಯಿತು, ನನ್ನದು ಮುಗಿಯಲಿಲ್ಲ. ಬುಟ್ಟಿಯನ್ನು ಸೊಂಟಕ್ಕೇರಿಸಿ ಒಳಗೆ ಹೋಗುತ್ತ ಅವಳೆಂದಳು:

"ಹೊಟ್ಟೆದು ಮದ್ದಿಗೆ ಬಗ್ತದೆ ಅಕ್ಕಾ. ಬಾಯಿದಕ್ಕೆ ಎಂತ ಮಾಡ್ತೀರಿ?"