ಇಲ್ಲಿ ಮನೆ ರಿಪೇರಿ ಮಾಡಿಕೊಡಲಾಗುವುದು

ನಗು ಬರುವಂಥ ಸಂಗತಿಗಳು ನನ್ನ ಬಾಳಿನಲ್ಲಿ ನಗಲಾರದ ಹೊತ್ತು ನೋಡಿಕೊಂಡೇ ನಡೆದಿವೆ. ಅದೂ ಹೆಚ್ಚಾಗಿ ಬೇರೆಯವರ ಮನೆಯೊಳಗೆ, ನಾನು ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಾಗ.

ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತು. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನಾನು ಫಿಟ್ಟರ್ ಆಗಿದ್ದೆ. ಒಂದು ಪಾಳಿ ನಿಲ್ಲಿಸಿದರು. ಅದರ ಜತೆಗೆ ನನ್ನನ್ನೂ ನಿಲ್ಲಿಸಿದರು. ಪಕ್ಕದ ಓಣಿಯಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಸಾರವೆ ಮೇಲಿಂದ ಬಿದ್ದು ಕಾಲು ಕುಂಟಾದ ಮೇಲೆ ದೊಡ್ಡ ಕಟ್ಟಡಗಳಿಗೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಕೆಲಸ ಹೋದವನೂ ಕಾಲು ಹೋದವನೂ ದಿನಾ ಒಂದೇ ಕಟ್ಟೆಯ ಮೇಲೆ ಕೂತು, ಒಂದೇ ಬೀಡಿ ಹಂಚಿಕೊಂಡು ಸೇದಿ, ಕೊನೆಗೆ ಒಂದು ಅಂಗಡಿ ತೆರೆದೆವು. ಮಾಳಿಗೆ ಸೋರಲಿ, ಬಾಗಿಲು ಜೋತು ಬೀಳಲಿ, ಕೊಡ ಬಾವಿಗೆ ಬೀಳಲಿ, ಹೇಳಿ ಕಳಿಸಿದರೆ ಬರುತ್ತೇವೆ. ತಗಡಿನ ಮೇಲೆ ಬೋರ್ಡು ಬರೆಸಿದೆವು: ‘ಇಲ್ಲಿ ಮನೆ ರಿಪೇರಿ ಮಾಡಿಕೊಡಲಾಗುವುದು. ಕಡಿಮೆ ದರ.’

ಮೊದಲ ವಾರವೆಲ್ಲ ಒಳಗೆ ಬಂದವರು ಒಬ್ಬರೇ, ಒಬ್ಬ ಮಾಸ್ತರು. ‘‘‘ಇಲ್ಲಿ’ ಅಂತ ಬರೆಸೀರಲ್ಲ, ಮನೇನ ಇಲ್ಲಿಗೇ ಹೊತ್ಕೊಂಡು ಬರಬೇಕೇನ್ರಿ?’’ ಎಂದು ಕೇಳಿ, ನಮ್ಮ ಗಡಿಗೆಯ ನೀರು ಕುಡಿದು ಹೋದರು.

ಒಡೆದ ಮನೆ

ಮೊದಲ ನಿಜವಾದ ಗಿರಾಕಿ ಕುಕ್ಕುವಾಡದ ಒಬ್ಬ ಮುದುಕಪ್ಪ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತ.

‘‘ಮನೆ ಒಡದೈತ್ರಪ್ಪ. ಕೂಡಿಸಿಕೊಡ್ತೀರೇನು?’’

‘‘ಎಲ್ಲಿ ಒಡದೈತಜ್ಜ?’’ ಗಾರೆಯವ ಕೇಳಿದ.

‘‘ಸರೀ ನಡುಮಧ್ಯ.’’

‘‘ಯಾವಾಗಿಂದ?’’

‘‘ಯುಗಾದಿಯಿಂದ. ಮೊದ್ಲು ಸಣ್ಣದಿತ್ತು. ಸಣ್ಣ ಸೊಸೆ ಬಂದ ಮ್ಯಾಲೆ ಜಾಸ್ತಿ ಆತು.’’

ಸೊಸೆ ಬಂದರೆ ಗೋಡೆ ಯಾಕೆ ಬಿರುಕು ಬಿಡುತ್ತದೆ ಎಂದು ಕೇಳುವಷ್ಟು ಬುದ್ಧಿ ನಮಗಿಬ್ಬರಿಗೂ ಇರಲಿಲ್ಲ. ಸಿಕ್ಕವನು ಮೊದಲ ಗಿರಾಕಿ. ಸೈಕಲ್ಲಿನ ಮೇಲೆ ಸುಣ್ಣ, ಕರಣೆ, ಗಾರೆಯವ, ಮೂರನ್ನೂ ಹೇರಿಕೊಂಡು ಹೊರಟೆ.

ಹೋಗಿ ನೋಡಿದರೆ ಬಿರುಕು ಎಲ್ಲೂ ಇಲ್ಲ. ಪಡಸಾಲೆಯ ನಡುವೆ ಎದೆಮಟ್ಟದ ಹೊಸ ಗೋಡೆ. ಈಚೆ ದೊಡ್ಡ ಮಗನ ಸಂಸಾರ, ಆಚೆ ಸಣ್ಣ ಮಗನದು.

‘‘ಇದನ್ನ ಕೆಡವ್ರಿ’’ ಅಂದ ಮುದುಕಪ್ಪ.

ಮಕ್ಕಳಿಬ್ಬರೂ ಎದ್ದು ಬಂದರು. ಯುಗಾದಿಯಿಂದ ಒಬ್ಬರಿಗೊಬ್ಬರು ಮಾತಾಡದವರು ಅವತ್ತು ಒಂದೇ ದನಿಯಲ್ಲಿ ಕೂಗಿದರು: ‘‘ಮುಟ್ಟಿದ್ರೆ ನೋಡ್ರಿ ಮತ್ತೆ!’’

ಆಮೇಲೆ ದೊಡ್ಡವನು ತಮ್ಮನ ಮುಖ ನೋಡಿದ. ‘‘ಹೆಂಗೂ ಕೆಲಸದೋರು ಬಂದಾರೆ. ಇನ್ನೊಂದು ಎರಡು ಮೊಳ ಏರಿಸಿದ್ರೆ ಹೆಂಗೆ?’’

‘‘ಏರಿಸಾಣ ಬಿಡಣ್ಣ’’ ಅಂದ ಸಣ್ಣವನು.

ನಾವು ಏರಿಸಿದೆವು. ಹೇಳಲು ಈಗಲೂ ನಾಚಿಕೆ. ಆದರೆ ಮನೆಯಲ್ಲಿ ರಾಗಿಹಿಟ್ಟು ಮುಗಿದು ಎರಡು ದಿನವಾಗಿತ್ತು. ಮುದುಕಪ್ಪ ಕೈಕಟ್ಟಿಕೊಂಡು ನೋಡುತ್ತ ನಿಂತ. ಗೋಡೆ ಅವನ ತಲೆ ದಾಟಿದಾಗ ನಾನು ಮೆಲ್ಲಗೆ, ‘‘ತಪ್ಪು ತಿಳೀಬ್ಯಾಡಜ್ಜ’’ ಅಂದೆ.

‘‘ಇರ್ಲಿ ಬಿಡಪ್ಪ’’ ಅಂದ. ‘‘ಇಬ್ರೂ ಒಂದು ಮಾತಿಗೆ ಒಪ್ಪಿದ್ದು ನೋಡಿ ಬಾಳ ದಿನ ಆಗಿತ್ತು. ಅಷ್ಟರಮಟ್ಟಿಗೆ ರಿಪೇರಿ ಆತು.’’

ಬಾವಿಯೊಳಗಿನ ಚರಿಗೆ

ಹರಿಹರದಲ್ಲಿ ಹೊಳೆಯ ಹತ್ತಿರದ ಒಂದು ಮನೆಯಿಂದ ಹೇಳಿ ಕಳಿಸಿದ್ದರು, ಹಿತ್ತಲ ಬಾವಿಗೆ ಕೊಡ ಬಿದ್ದಿದೆ ಎಂದು. ಕೊಕ್ಕೆಗಳ ಗೊಂಚಲಿನಂಥ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತಳವೆಲ್ಲ ತಡಕಾಡಿದೆ. ಕೊಡಕ್ಕಿಂತ ಮೊದಲು ಸಿಕ್ಕಿದ್ದು ಪಾಚಿಗಟ್ಟಿದ ಒಂದು ಹಿತ್ತಾಳೆ ಚರಿಗೆ. ಗಾರೆಯವ ಹುಣಸೆಹಣ್ಣು ಹಾಕಿ ತಿಕ್ಕಿದ. ಕಂಠದ ಮೇಲೆ ಕೊರೆದ ಹೆಸರು ಕಾಣಿಸಿತು. ಅದು ಪಕ್ಕದ ಮನೆಯ ಹೆಂಗಸಿನ ಹೆಸರು.

ನಮ್ಮನ್ನು ಕರೆಸಿದ ಮನೆಯಮ್ಮ ಅದನ್ನು ಕೈಗೆ ತೆಗೆದುಕೊಂಡವರೇ ಬಾವಿಕಟ್ಟೆಯ ಮೇಲೆ ಕುಸಿದು ಕೂತರು.

‘‘ಇದಕ್ಕೇ ನೋಡ್ರಿ ಒಂಬತ್ತು ವರ್ಷದಿಂದ ಮಾತಿಲ್ಲ. ಆಗ ನಮ್ಮ ಬಾವಿಗೇ ನೀರಿಗೆ ಬರ್ತಿದ್ಲು. ಚರಿಗೆ ಕದ್ದೀಯ ಅಂದ್ಲು. ದೀಪ ಮುಟ್ಟಿ ಆಣೆ ಮಾಡಿದೆ, ನಂಬಲಿಲ್ಲ. ನಮ್ಮತ್ತೆ ಸತ್ತಾಗ ಮಣ್ಣಿಗೂ ಬರಲಿಲ್ಲ.’’

ಅವರ ಕಣ್ಣು ತುಂಬಿ ಬಂತು. ‘‘ಈಗ ಕೊಟ್ಟುಬಿಡ್ರಿ ತಾಯಿ. ನೀವು ಕದ್ದಿಲ್ಲ ಅಂತ ಗೊತ್ತಾಗ್ತೈತೆ’’ ಅಂದೆ.

ಅವರು ಚರಿಗೆಯನ್ನು ತಿರುಗಿಸಿ ನೋಡಿದರು. ‘‘ಕೊಟ್ರೆ, ಒಂಬತ್ತು ವರ್ಷ ಬಳಸಿ ಸಾಕಾದ ಮ್ಯಾಲೆ ತಂದುಕೊಟ್ಲು ಅಂತಾಳೆ.’’

‘‘ಮತ್ತೆ ಏನು ಮಾಡಾಣ್ರಿ?’’

ಅವರು ಪಕ್ಕದ ಹಿತ್ತಲ ಕಡೆ ಒಮ್ಮೆ ನೋಡಿ, ಚರಿಗೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

‘‘ಸದ್ದಾಗದಂಗೆ ಮತ್ತೆ ಒಳಗೇ ಬಿಡ್ರಿ.’’

ವಿಳಾಸ

ಗಿರಣಿ ಬಿಟ್ಟ ಮೇಲೆ ನಾನು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದೆ. ಹೆಂಡತಿಯ ಮುಖ ನೋಡಲು ಆಗುತ್ತಿರಲಿಲ್ಲ. ಆ ಮಳೆಗಾಲ ನಮ್ಮ ಅಡುಗೆಮನೆ ಸೋರಲು ಶುರುವಾಯಿತು. ಅವಳು ಎರಡು ಸಲ ಹೇಳಿದಳು, ನಾನು ಹೂಂ ಅಂದೆ. ಮೂರನೆಯ ಸಲ ಹೇಳಲಿಲ್ಲ. ಒಂದು ದಿನ ಸೆರಗು ಹೊದ್ದು ಅಂಗಡಿಗೇ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತಳು. ನನ್ನ ಕಡೆ ನೋಡಲೇ ಇಲ್ಲ.

‘‘ಅಣ್ಣಾರೆ, ನಮ್ಮ ಮನೆ ಸೋರ್ತೈತ್ರಿ. ಕಡಿಮೆ ದರ ಅಂತ ಕೇಳಿ ಬಂದೆ’’ ಎಂದಳು ಗಾರೆಯವನಿಗೆ.

ಆ ಪಾಪಿ ಮುಖ ಗಂಟು ಹಾಕಿಕೊಂಡೇ ಕೇಳಿದ: ‘‘ಮನ್ಯಾಗ ಗಂಡಸರು ಯಾರೂ ಇಲ್ಲೇನಮ್ಮ?’’

‘‘ಅದಾರ್ರಿ. ಊಟದ ಹೊತ್ತಿಗೆ ಬಂದು ಹೋಗ್ತಾರೆ.’’

‘‘ವಿಳಾಸ ಹೇಳಮ್ಮ.’’

‘‘ನಿಮ್ಮ ಪಕ್ಕದಾಗ ಕುಂತಾರಲ್ಲ, ಅವರನ್ನ ಕೇಳ್ರಿ. ಅವರಿಗೂ ಮರ್ತಿದ್ರೆ ನಾನೇ ಕರಕೊಂಡು ಹೋಗ್ತೀನಿ.’’

ಗವಾಕ್ಷಿ

ಅಂಗಡಿ ನಡೆದದ್ದು ಮೂರು ಮಳೆಗಾಲ. ಅಷ್ಟರಲ್ಲಿ ಊರಲ್ಲಿ ಸಿಮೆಂಟಿನ ತಾರಸಿಗಳು ಎದ್ದವು, ಮಣ್ಣಿನ ಮಾಳಿಗೆಗಳು ಕಡಿಮೆಯಾದವು. ನಾನು ಹರಿಹರದ ಒಂದು ವರ್ಕ್‌ಶಾಪಿಗೆ ಸೇರಿಕೊಂಡೆ. ಗಾರೆಯವ ತೀರಿಕೊಂಡು ಬಹಳ ವರ್ಷವಾಯಿತು. ಅವನನ್ನು ನೆನೆದಾಗ ನನಗೆ ಮೊದಲು ಕಣ್ಣ ಮುಂದೆ ಬರುವುದು ಈ ಪ್ರಸಂಗ.

ದಾವಣಗೆರೆಯ ಹಳೇಪೇಟೆಯಲ್ಲಿ ಒಬ್ಬ ವ್ಯಾಪಾರಸ್ಥರ ಮನೆ. ಮುಂಗಾರಿಗೆ ಮುಂಚೆ ಮಾಳಿಗೆಗೆ ನೀರು ಇಳಿಯದಂತೆ ಕರಲು ಮಣ್ಣು ಹರವಿ ಬಡಿಯಬೇಕಿತ್ತು. ನಡುಮನೆಯಲ್ಲಿ ಅವರ ತಾಯಿ ಎರಡು ವರ್ಷದಿಂದ ಮಲಗಿದಲ್ಲೇ. ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿಯ ನೇರ ಕೆಳಗೆ ಹಾಸಿಗೆ. ಕಣ್ಣು ಮಂಜಾಗಿ, ಆ ತುಂಡು ಬೆಳಕೊಂದೇ ಅಜ್ಜಿಗೆ ಕಾಣುತ್ತಿದ್ದದ್ದು. ಅದನ್ನೇ ನೋಡುತ್ತ, ‘‘ಶಿವನೇ, ಯಾವಾಗ ಬಂದು ಕರಕೊಂಡು ಹೋಗ್ತೀಯೋ’’ ಎಂದು ದಿನ ಕಳೆಯುತ್ತಿದ್ದರಂತೆ.

ಅಜ್ಜಿಯ ಮೈಮೇಲೆ ಮಣ್ಣು ಉದುರಬಾರದೆಂದು ಗಾರೆಯವ ಗವಾಕ್ಷಿಗೆ ತಗಡು ಮುಚ್ಚಿದ. ಒಳಗಿನವರಿಗೆ ಒಂದು ಮಾತು ಹೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕೆಳಗೆ ನಡೆದದ್ದು ನಮಗೆ ಆಮೇಲೆ ತಿಳಿಯಿತು. ಬೆಳಕು ಆರಿದ ಕೂಡಲೇ ಅಜ್ಜಿ, ‘‘ನನ್ನ ಕಣ್ಣು ಪೂರಾ ಹೋದ್ವಲ್ಲೋ!’’ ಎಂದು ಚೀರಿದ್ದಾರೆ. ಮಗ ಅಂಗಳದ ಬಿಸಿಲಿನಿಂದ ಓಡಿ ಬಂದಿದ್ದಾರೆ. ಅವರ ಕಣ್ಣಿಗೂ ಕತ್ತಲು, ತಗಡಿನ ಕಡೆ ಲಕ್ಷ್ಯ ಹೋಗಿಲ್ಲ. ‘‘ನಾನು ಕಾಣ್ತೀನೇನವ್ವಾ?’’ ಎಂದರೆ, ‘‘ಯಾರೂ ಕಾಣಂಗಿಲ್ಲ’’ ಎಂಬ ಉತ್ತರ. ಸೊಸೆ, ಮೊಮ್ಮಕ್ಕಳು ಎಲ್ಲ ಸೇರಿ ಗೋಳೋ ಎಂದು ಅತ್ತಿದ್ದಾರೆ.

ಮೇಲಿದ್ದ ನಮಗೆ ಕೇಳಿದ್ದು ಆ ಅಳು ಮಾತ್ರ. ಗಾರೆಯವ ತಲೆಯ ಟವೆಲ್ ತೆಗೆದ.

‘‘ಅಜ್ಜಿ ಹೋತು ಕಣೋ’’ ಅಂದ. ಹಿಂದಿನ ವರ್ಷವಷ್ಟೇ ಅವನ ತಾಯಿ ಸತ್ತಿದ್ದಳು. ‘‘ಒಂದು ಸಲ ಮುಖ ನೋಡಿ ಕೈ ಮುಗಿತೀನಿ’’ ಎಂದು ಕುಂಟುತ್ತ ಹೋಗಿ ತಗಡು ಸರಿಸಿ, ಬಗ್ಗಿ ಇಣುಕಿದ.

ಅವನ ಅವತಾರ ಹೇಳಬೇಕು. ತಿಂಗಳುಗಟ್ಟಲೆ ಕತ್ತರಿ ಕಾಣದ ಕೂದಲು. ಮುಖಕ್ಕೆಲ್ಲ ಕರಲು ಮಣ್ಣಿನ ಬೂದು. ತಲೆಯ ಹಿಂದೆ ನಡುಹಗಲ ಸೂರ್ಯ.

ಅಜ್ಜಿ ಅಳು ನಿಲ್ಲಿಸಿದರು. ಎರಡೂ ಕೈ ಎತ್ತಿ ಮುಗಿದರು.

‘‘ಬಂದ್ಯೇನಪ್ಪಾ ನನ್ನ ಶಿವನೇ! ಕಡೀಗೂ ಬಂದ್ಯಾ!’’

ಮನೆಯವರೆಲ್ಲ ತಲೆ ಎತ್ತಿ ನೋಡಿದರು. ಗಾರೆಯವ ಬೆವೆತುಹೋದ. ‘‘ಅಲ್ಲಜ್ಜಿ, ಅಲ್ಲ! ನಾನು ಮಾಳಿಗೆ ರಿಪೇರಿಗೆ ಬಂದೋನು!’’

‘‘ಯಾರು ಕರೆಸಿದ್ರು ನಿನ್ನ?’’

‘‘ನಿನ್ನ ಮಗಾನೇ ಅಜ್ಜಿ.’’

ಅಜ್ಜಿ ಮುಗಿದ ಕೈ ಇಳಿಸಿದರು. ಮಗ್ಗುಲಿಗೆ ಹೊರಳಿ, ಬೇಸರದಿಂದ ಸೊಸೆಗೆ ಹೇಳಿದರು:

‘‘ನಾನು ಶಿವನ್ನ ಕರೀತಾ ಕುಂತ್ರೆ ಇವನು ಯಾರನ್ನೋ ಕರೆಸ್ಯಾನೆ ನೋಡು. ಅಗ್ಗಕ್ಕೆ ಸಿಕ್ಕಿರಬೇಕು.’’