ಸಸ್ಯಾಹಾರಿ ಭಾವನ ಬೇಟೆ

ನನ್ನ ಭಾವನಷ್ಟು ಅಪಾಯಕಾರಿ ಸಸ್ಯಾಹಾರಿಯನ್ನು ನೀವು ನೋಡಿರಲಾರಿರಿ. ಮೊಟ್ಟೆ ಹಾಕಿದ ಕೇಕನ್ನು ಅವರು ಮುಟ್ಟುವುದಿಲ್ಲ. ಅಂಗಡಿಯಲ್ಲಿ ಚೀಸ್ ಕೊಳ್ಳುವ ಮುನ್ನ ಪೊಟ್ಟಣದ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಇಳಿಸಿ ಹತ್ತು ನಿಮಿಷ ಓದುತ್ತಾರೆ. ಮನೆಯೊಳಗೆ ಜೇಡ ಕಂಡರೆ ಅದರ ಮೇಲೆ ಲೋಟ ಬೋರಲು ಹಾಕಿ, ಅಡಿಗೆ ಕಾಗದ ತೂರಿಸಿ, ಹೊರಗಿನ ಚಳಿಗೆ ಬಿಡಲು ಮನಸ್ಸಾಗದೆ ಗ್ಯಾರೇಜಿಗೆ ಒಯ್ದು ಬಿಡುತ್ತಾರೆ. ಇಂಥ ಮನುಷ್ಯನ ಬಳಿ ಲೈಸೆನ್ಸ್ ಇರುವ ಬಂದೂಕಿದೆ! ಕಳೆದ ಅಕ್ಟೋಬರಿನಲ್ಲಿ ಅದೇ ಬಂದೂಕಿನಿಂದ ಅವರು ಎಲ್ಕ್ ಎಂಬ ದೈತ್ಯ ಜಿಂಕೆಯ ಜಾತಿಯ, ಮುನ್ನೂರೈವತ್ತು ಕಿಲೋ ತೂಕದ ಗಂಡೊಂದನ್ನು ಹೊಡೆದರು. ಹೇಗೆ ಅಂತೀರಾ? ಸ್ವಲ್ಪ ತಾಳಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಲ್ಲಿ ಉಕ್ಕು ಕತ್ತರಿಸುವ ಉಪಕರಣಗಳನ್ನು ಅಳೆದು ನೋಡುವ ಇಂಜಿನಿಯರು. ಕೂದಲೆಳೆಯನ್ನು ಐವತ್ತು ಭಾಗ ಮಾಡಿ, ಅದರಲ್ಲಿ ಒಂದು ಭಾಗ ಹೆಚ್ಚುಕಡಿಮೆಯಾದರೂ ಊಟ ಸೇರದ ಜಾತಿ. ನಾನು ರಾಜಧಾನಿಯ ಅಂಚಿನ ಕಿಸ್ಟಾದಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ತಿಂಗಳಿಗೊಮ್ಮೆ ರೈಲು ಹತ್ತಿ ಅಕ್ಕನ ಕೈಯಡುಗೆ ತಿನ್ನಲು ಅವರ ಮನೆಗೆ ಹೋಗುತ್ತೇನೆ. ಭಾವನನ್ನು ಗೇಲಿ ಮಾಡುವುದು ನಾದಿನಿಯರ ಜನ್ಮಸಿದ್ಧ ಹಕ್ಕಾದ್ದರಿಂದ ಮುಂದಿನದನ್ನೆಲ್ಲ ನಿಸ್ಸಂಕೋಚವಾಗಿ ಬರೆಯುತ್ತಿದ್ದೇನೆ.

ಭಾವನಿಗೆ ಪರೀಕ್ಷೆ ಬರೆಯುವ ಕಾಯಿಲೆ. ಬೆಂಗಳೂರಿನಲ್ಲಿದ್ದಾಗ ಬೇಕಿಲ್ಲದ ಬ್ಯಾಂಕ್ ಪರೀಕ್ಷೆ, ಹೋಗಲಾರದ ರೈಲ್ವೆ ಪರೀಕ್ಷೆ ಎಲ್ಲ ಬರೆದು ಪಾಸಾಗಿದ್ದರಂತೆ. ಸ್ವೀಡನ್ನಿಗೆ ಬಂದ ಮೇಲೂ ಅದು ವಾಸಿಯಾಗಲಿಲ್ಲ. ಟ್ರೇಲರ್ ಎಳೆಯುವ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿದರು. ಅವರ ಬಳಿ ಟ್ರೇಲರ್ ಇಲ್ಲ. ದೋಣಿ ನಡೆಸುವ ಪರೀಕ್ಷೆ ಪಾಸು ಮಾಡಿದರು. ಮೊಣಕಾಲಿಗಿಂತ ಆಳದ ನೀರು ಕಂಡರೆ ಹಿಂದೆ ಸರಿಯುತ್ತಾರೆ. ಹೀಗಿರುವಾಗ ಆರು ವರ್ಷದ ಹಿಂದೆ ಒಂದು ದಿನ ಬೇಟೆಗಾರರ ಪರೀಕ್ಷೆಯ ಪುಸ್ತಕ ಹಿಡಿದು ಕೂತರೆ ಯಾರಿಗೆ ತಾನೇ ಆಶ್ಚರ್ಯವಾದೀತು? ಹಕ್ಕಿಗಳ ಚಿತ್ರ, ಹೆಜ್ಜೆ ಗುರುತು, ಕಾನೂನು, ಯಾವ ಪ್ರಾಣಿಯ ಹೃದಯ ಎಲ್ಲಿರುತ್ತದೆ ಎನ್ನುವ ನಕ್ಷೆ, ಎಲ್ಲವನ್ನೂ ಬಾಯಿಪಾಠ ಮಾಡಿದರು. ಪರೀಕ್ಷೆಯ ದಿನ ಕೈ ಎತ್ತಿ, "ನೆಗೆಟಿವ್ ಮಾರ್ಕಿಂಗ್ ಇದೆಯಾ?" ಎಂದು ಕೇಳಿದರಂತೆ. ಸ್ವೀಡನ್ನಿನ ಬೇಟೆಯ ಇತಿಹಾಸದಲ್ಲಿ ಈ ಪ್ರಶ್ನೆ ಅದೇ ಮೊದಲು ಬಂದದ್ದಿರಬೇಕು. ಎಪ್ಪತ್ತು ಪ್ರಶ್ನೆಗೆ ಎಪ್ಪತ್ತೂ ಸರಿ.

ಗುಂಡು ಹೊಡೆಯುವ ಪರೀಕ್ಷೆಯಲ್ಲಿ ನಪಾಸಾಗುತ್ತಾರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಅಲ್ಲಿ ಹಲಗೆಯ ಎಲ್ಕ್ ಒಂದು ಹಳಿಯ ಮೇಲೆ ಓಡುತ್ತದೆ, ಅದರ ಎದೆಗೆ ಹೊಡೆಯಬೇಕು. ಮೈಕ್ರಾನ್ ಲೆಕ್ಕದ ಮನುಷ್ಯನಿಗೆ ಅದು ಏನು ಮಹಾ! ಗುಂಡುಗಳೆಲ್ಲ ಒಂದು ಅಂಗೈ ಅಗಲದೊಳಗೆ ಬಿದ್ದವು. ಆದರೂ ಅವು ತೀರ ಎಡಕ್ಕಿವೆ ಎಂದು ದಾರಿಯುದ್ದಕ್ಕೂ ಬೇಜಾರು ಮಾಡಿಕೊಂಡರು.

ಬಂದೂಕು ಬಂದ ಮೇಲೆ ಅದಕ್ಕೊಂದು ಬೀಗದ ಉಕ್ಕಿನ ಬೀರು ಬೇಕು, ಅದನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಬೇಕು. ಆ ಮರದ ಮನೆಯಲ್ಲಿ ಭಾವನ ಲೆಕ್ಕಕ್ಕೆ ಒಪ್ಪಿಗೆಯಾದ ಗಟ್ಟಿ ಗೋಡೆ ಇದ್ದದ್ದು ದೇವರ ಕೋಣೆಯಲ್ಲಿ! ಹಾಗಾಗಿ ಎಡಕ್ಕೆ ವೆಂಕಟರಮಣ, ಬಲಕ್ಕೆ ಬೀರು. ಆಯುಧಪೂಜೆಯ ದಿನ ಅದರ ಬಾಗಿಲು ತೆರೆದು ಬಂದೂಕಿಗೆ ಕುಂಕುಮ ಇಟ್ಟು, ಹೂವೇರಿಸಿ, ಮಂಗಳಾರತಿ ಮಾಡಿದರು. ಅಕ್ಕ ಅಂದು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆ ಬೀರುವನ್ನು ಅವಳು ಒರೆಸುವುದೂ ಇಲ್ಲ. ಎಲ್ಕ್ ಮಾತು ಬಂದರೆ ಸಾಕು, ಎದ್ದು ಒಲೆಯ ಮೇಲೆ ಏನೋ ಇದೆ ಎನ್ನುವಂತೆ ಹೋಗಿಬಿಡುತ್ತಾಳೆ. ಹಿಂಸೆ ಕಂಡರೆ ಆಗದವಳು, ಪಾಪ, ಎಂದುಕೊಂಡಿದ್ದೆ.

ಭಾವ ಊರಾಚೆಯ ಒಂದು ಬೇಟೆ ತಂಡ ಸೇರಿದರು. ಅದರ ಮುಖ್ಯಸ್ಥೆ ಗುನಿಲ್ಲಾ ಎಂಬ ಅರವತ್ತೈದರ ಹೆಂಗಸು, ನಿವೃತ್ತ ಟೀಚರು. ಬೇಟೆಯಾದ ಮೇಲೆ ಮಾಂಸವನ್ನು ಸಮನಾಗಿ ಗುಡ್ಡೆ ಹಾಕುತ್ತಾರೆ. ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬರು ಒಂದು ಗುಡ್ಡೆ ತೋರಿಸಿ "ಇದು ಯಾರಿಗೆ?" ಎಂದರೆ, ಬೆನ್ನು ತಿರುಗಿಸಿದವರು ಒಂದು ಹೆಸರು ಕೂಗಬೇಕು. ಪಕ್ಷಪಾತ ಇರಬಾರದು ಅಂತ. ಮಾಂಸದಲ್ಲಿ ಯಾವ ಆಸೆಯೂ ಇಲ್ಲದ ಮನುಷ್ಯ ಸಿಕ್ಕಿದ ಮೇಲೆ ಕೇಳಬೇಕೇ? ಮೊದಲ ವರ್ಷದಿಂದಲೂ ಭಾವನೇ ಆ ಸ್ಥಾನದ ನ್ಯಾಯಾಧೀಶರು. ಅವರದೇ ಪಾಲು ಗ್ಯಾರೇಜಿನ ಬೇರೆ ಫ್ರೀಜರಿಗೆ ಹೋಗಿ, ಅಲ್ಲಿಂದ ನನ್ನ ಚೀಲಕ್ಕೆ ಬಂದು, ಕಿಸ್ಟಾದಲ್ಲಿ ನನ್ನ ಆಫೀಸಿನವರ ಹೊಟ್ಟೆ ಸೇರುತ್ತದೆ. ಪೂರ್ತಿ ಆಫೀಸಿನವರದ್ದೇ ಎಂದು ನಾನು ಪ್ರಮಾಣ ಮಾಡಲಾರೆ. ಅಕ್ಕ ಇದನ್ನು ಓದದಿದ್ದರೆ ಕ್ಷೇಮ.

ಇಷ್ಟಾದರೂ ಭಾವ ಐದು ವರ್ಷದಲ್ಲಿ ಒಂದು ಗುಂಡನ್ನೂ ಪ್ರಾಣಿಯ ಮೇಲೆ ಹಾರಿಸಿರಲಿಲ್ಲ. ನಾಯಿಗಳ ಹಿಂದೆ ನಡೆಯುವುದು, ಹಗ್ಗ ಎಳೆಯುವುದು, ಫಿಕಾ ಎನ್ನುವ ಕಾಫಿ ವಿರಾಮದ ಹೊತ್ತಿಗೆ ಬೆಂಕಿಯ ಸುತ್ತ ಕೂತವರಿಗೆ ಪುಳಿಯೋಗರೆ ಹಂಚುವುದು, ಇಷ್ಟೇ ಅವರ ಬೇಟೆ. ಅವರ ಕಣ್ಣಿದ್ದದ್ದು ಬೇರೆ ಕಡೆ. ಇಲ್ಲಿ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಎಲ್ಕ್ ಗಾಯಗೊಂಡರೆ ಪೊಲೀಸರ ಕಡೆಯಿಂದ ಹತ್ತಿರದ ಬೇಟೆಗಾರರಿಗೆ ಫೋನ್ ಬರುತ್ತದೆ. ಅವರು ಹೋಗಿ, ಪ್ರಾಣಿಯನ್ನು ಹುಡುಕಿ, ಅದರ ನರಳಾಟ ಮುಗಿಸಬೇಕು. ಹಾಗೆ ಹೋಗುವವರ ಪಟ್ಟಿಯೊಂದಿದೆ. ಆ ಭಾಗದ ಹೆಸರುಗಳನ್ನು ಸೂಚಿಸುವವರು ಗುನಿಲ್ಲಾ. ಆ ಪಟ್ಟಿಯಲ್ಲಿ ತನ್ನ ಹೆಸರು ಬರಬೇಕು ಎನ್ನುವುದೊಂದೇ ಭಾವನ ಹಟ. ಎರಡು ಸಲ ಕೇಳಿದರು, ಎರಡು ಸಲವೂ ಆಕೆ ಆಗದು ಎಂದಿದ್ದರು.

"ಬದುಕಿರುವ ಪ್ರಾಣಿಯ ಮುಂದೆ ನಿನ್ನ ಕೈ ನಡುಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಮೊದಲು ಒಂದನ್ನು ಒಂದೇ ಗುಂಡಿಗೆ ಸರಿಯಾಗಿ ಹೊಡಿ, ಆಮೇಲೆ ಮಾತಾಡೋಣ."

ಹಾಗೆಂದು ಹೊಡೆಯುವುದಕ್ಕೆ ಸಿಗಬೇಕಲ್ಲ! ಆ ಕಾಡಿಗೆ ವರ್ಷಕ್ಕೆ ಎಲ್ಕ್ ಹೊಡೆಯುವ ಪರವಾನಗಿ ಒಂದೇ ಒಂದು, ಅದೂ ದೊಡ್ಡ ಗಂಡಿನದು. ಯಾರಿಗೆ ಎನ್ನುವುದನ್ನು ಉಣ್ಣೆಯ ಟೋಪಿಯೊಳಗಿನ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಇಪ್ಪತ್ತು ವರ್ಷದಿಂದ ಕಾದು ಕೂತ ಅಜ್ಜಂದಿರಿದ್ದಾರೆ. ಕಳೆದ ವರ್ಷ ಟೋಪಿಯಿಂದ ಬಂದದ್ದು ಭಾವನ ಹೆಸರು. ಅಜ್ಜಂದಿರು ಕೈಕುಲುಕಿದರು, ಒಬ್ಬರು ಟೋಪಿಯನ್ನು ಮಗುಚಿ ಕೊಡವಿ ನೋಡಿದರು. ಭಾವ ಮನೆಗೆ ಫೋನ್ ಮಾಡಿ "ಚೀಟಿ ನಂಗೇ ಬಂತು ಕಣೇ" ಎಂದರು. ಅಕ್ಕ "ಹೂಂ" ಎಂದಳಂತೆ, ಅಷ್ಟೇ.

ನಮ್ಮ ಕಡೆಯ ಬೇಟೆ ಶುರುವಾಗುವುದು ಅಕ್ಟೋಬರಿನ ಎರಡನೆಯ ಸೋಮವಾರ ಬೆಳಿಗ್ಗೆ. ಈ ಘನಕಾರ್ಯ ತಪ್ಪಿಸಿಕೊಳ್ಳಲಾರದೆ ನಾನು ರಜೆ ಹಾಕಿ ಹೋದೆ. ಕಾಡಿನ ಅಂಚಿನ ಮರದ ಅಟ್ಟಣೆಯಲ್ಲಿ ಮೂವರೂ ಕೂತೆವು. ಭಾವ, ಪಕ್ಕದಲ್ಲಿ ಗುನಿಲ್ಲಾ, ಹಿಂದೆ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿದ ನಾನು. ಬಂದೂಕಿನ ಮೇಲಿನ ಕೆಂಪು ಚುಕ್ಕೆ ಕಂಡು ಗುನಿಲ್ಲಾ "ರಕ್ತವೇ?" ಎಂದು ಪಿಸುಗುಟ್ಟಿದರು. "ಸರ್ವಿಸ್ ಆಗಿದೆ ಎನ್ನುವ ಗುರುತು" ಎಂದರು ಭಾವ. ಆಕೆ ಮೆಚ್ಚಿ ತಲೆಯಾಡಿಸಿದರು.

ಏಳೂವರೆಗೆ ಸರಿಯಾಗಿ ನನ್ನ ಫೋನ್ ನಡುಗಿತು. ಅಕ್ಕನ ಮೆಸೇಜು: "ಇವತ್ತು ಸೋಮವಾರ. ಏಳೂವರೆಯಿಂದ ಒಂಬತ್ತು ರಾಹುಕಾಲ. ಅವರಿಗೆ ಹೇಳು."

ತೋರಿಸಿದೆ. ಭಾವ ಕಣ್ಣು ಕಾಡಿನ ಮೇಲೇ ಇಟ್ಟು ಪಿಸುಗುಟ್ಟಿದರು. "ಅದು ಬೆಂಗಳೂರಿನ ಕ್ಯಾಲೆಂಡರು. ರಾಹುಕಾಲ ಸೂರ್ಯೋದಯದ ಮೇಲೆ ಡಿಪೆಂಡು. ಇಲ್ಲಿ ಸೂರ್ಯ ಈಗ ತಾನೇ ಎದ್ದಿದಾನೆ. ಇಲ್ಲಿಯ ಹಗಲನ್ನ ಎಂಟು ಭಾಗ ಮಾಡಿದ್ರೆ ಎರಡನೇ ಭಾಗ. ಎಂಟೂ ಮುಕ್ಕಾಲಿಂದ ಹತ್ತೂ ಐದು. ಎಕ್ಸೆಲ್‌ನಲ್ಲಿ ಹಾಕಿಟ್ಟಿದೀನಿ."

"ಹಾಗಾದ್ರೆ ಎಂಟೂ ಮುಕ್ಕಾಲರೊಳಗೆ ಬಂದ್ರೆ ಹೊಡೀಬಹುದು."

"ನನ್ನ ಲೆಕ್ಕಕ್ಕೆ ಹೊಡೀಬಹುದು. ಅವಳ ಲೆಕ್ಕಕ್ಕೆ ಆಗಲ್ಲ."

ಏನು ವಿಷಯ ಎಂದು ಗುನಿಲ್ಲಾ ಹುಬ್ಬೇರಿಸಿದರು. ಗುಂಡು ಹಾರಿಸಬಾರದ ಸಮಯದ ಬಗ್ಗೆ ಒಂದು ನಿಯಮ ಇದೆ ಎಂದರು ಭಾವ. ನಿಯಮ ಎಂದ ಕೂಡಲೇ ಸ್ವೀಡನ್ನಿನವರು ಮರುಮಾತಾಡುವುದಿಲ್ಲ. ಆಕೆಯೂ ಗಡಿಯಾರ ನೋಡಿಕೊಂಡರು.

ಎಂಟೂ ಹತ್ತಕ್ಕೆ ನಾಯಿ ಬೊಗಳಿತು. ಮರಗಳ ನಡುವಿನಿಂದ ಗಂಡು ಎಲ್ಕ್ ಹೊರಗೆ ಬಂತು. ಎಂಥ ಪ್ರಾಣಿ ಅದು! ಕುದುರೆಗಿಂತ ಎತ್ತರ, ತಲೆಯ ಮೇಲೆ ಎರಡು ದೊಡ್ಡ ಮೊರ ಕಟ್ಟಿದಂಥ ಕೊಂಬು. ನಮ್ಮ ಕಡೆಗೇ ಮುಖ ಮಾಡಿ ನಿಂತಿತು. ಭಾವ ಬಂದೂಕು ಏರಿಸಿದರು. ನಾನು ಕಿವಿ ಮುಚ್ಚಿದೆ. ಒಂದು ನಿಮಿಷ ಕಳೆಯಿತು, ಗುಂಡು ಹಾರಲಿಲ್ಲ. ಎಲ್ಕ್ ಹಿಂದಿರುಗಿ ನಿಧಾನಕ್ಕೆ ಕಾಡಿನೊಳಗೆ ಹೋಯಿತು.

ಆಣೆ ಮುರಿದೆ. "ಅಕ್ಕನ ಕ್ಯಾಲೆಂಡರಿಗೆ ಹೆದರಿ ಬಿಟ್ಬಿಟ್ರಾ ಭಾವ?"

"ಅಲ್ಲಮ್ಮ. ಎದುರುಮುಖ ಮಾಡಿ ನಿಂತಿತ್ತು. ಹಾಗಿದ್ದಾಗ ಹೊಡೆದ್ರೆ ಗಾಯ ಆಗತ್ತೆ, ಬೇಗ ಸಾಯಲ್ಲ. ಪಕ್ಕಕ್ಕೆ ತಿರುಗಿದ್ರೆ ಮಾತ್ರ ನಾನು ಹೊಡಿಯೋದು."

"ಮತ್ತೆ ಬರದೇ ಹೋದ್ರೆ? ಪಟ್ಟಿಯ ಕಥೆ ಮುಗೀತು ಅಷ್ಟೇ."

"ಮುಗಿದ್ರೆ ಮುಗೀತು."

ಅವರ ಕೈ ನಡುಗುತ್ತಿರಲಿಲ್ಲ. ಅದನ್ನು ನಾನೂ ನೋಡಿದೆ, ಗುನಿಲ್ಲಾ ಕೂಡ ನೋಡಿದರು.

ಬೆಂಗಳೂರಿನ ರಾಹುಕಾಲ ಮುಗಿಯಿತು, ಸ್ಯಾಂಡ್‌ವಿಕೆನ್‌ನ ರಾಹುಕಾಲವೂ ಮುಗಿಯಿತು. ಫ್ಲಾಸ್ಕಿನ ಕಾಫಿ ತಣ್ಣಗಾಯಿತು. ಹನ್ನೊಂದರ ಸುಮಾರಿಗೆ ಅದೇ ಎಲ್ಕ್ ಮತ್ತೆ ಬಂತು. ಈ ಸಲ ಅಡ್ಡ ನಿಂತಿತು. ಒಂದೇ ಗುಂಡು. ನಾಲ್ಕು ಹೆಜ್ಜೆ ಇಟ್ಟು, ಕಾಲು ಮಡಚಿ ಬಿದ್ದುಬಿಟ್ಟಿತು. ನಾವು ಹತ್ತಿರ ಹೋಗುವ ಹೊತ್ತಿಗೆ ಉಸಿರು ನಿಂತಿತ್ತು.

ಗುನಿಲ್ಲಾ ಟೋಪಿ ತೆಗೆದರು. ಒಂದು ಸ್ಪ್ರೂಸ್ ಮರದ ಚಿಕ್ಕ ರೆಂಬೆ ಮುರಿದು ಅದರ ಬಾಯಲ್ಲಿಟ್ಟರು. ಕೊನೆಯ ತುತ್ತು ಅದು. ಹಾಗೆ ಇಡುವುದು ಅವರ ರೂಢಿಯಂತೆ. ಭಾವ ಚೀಲದಿಂದ ನೀರಿನ ಬಾಟಲಿ ತೆಗೆದು, ಬೂಟು ಕಳಚಿ, ಆ ತಣ್ಣನೆಯ ಪಾಚಿಯ ಮೇಲೆ ಮಂಡಿಯೂರಿ, ಅದರ ಬಾಯಿಗೆ ಮೂರು ಸಲ ನೀರು ಬಿಟ್ಟರು. ನಮ್ಮ ಅಜ್ಜನಿಗೆ ಅಪ್ಪ ಹಾಗೆ ಬಿಟ್ಟದ್ದನ್ನು ನಾನು ನೋಡಿದ್ದೇನೆ. ಗುನಿಲ್ಲಾ ಭಾವನ ಹೆಗಲ ಮೇಲೆ ಕೈಯಿಟ್ಟು, "ಪಟ್ಟಿಗೆ ನಿನ್ನ ಹೆಸರು ಸೇರಿಸುತ್ತೇನೆ. ಬೆಳಿಗ್ಗೆ ಹೊಡೆಯದೆ ಬಿಟ್ಟದ್ದಕ್ಕಾಗಿ, ಈಗ ಹೊಡೆದದ್ದಕ್ಕಲ್ಲ" ಎಂದರು.

ಸಂಕ್ರಾಂತಿಗೆ ಮತ್ತೆ ಅಕ್ಕನ ಮನೆಗೆ ಹೋದೆ. ಹೊರಗೆ ಹಿಮ. ಮಧ್ಯಾಹ್ನ ಪೊಂಗಲ್ ಬಡಿಸಿಕೊಂಡು ಕೂತಿದ್ದೆವು. ಭಾವ ಎರಡು ತುತ್ತು ತಿಂದಿದ್ದರೇನೋ, ಫೋನ್ ಬಂತು. ಸ್ವೀಡಿಷ್‌ನಲ್ಲಿ ಯಾವ ರಸ್ತೆ, ಎಷ್ಟನೇ ಕಿಲೋಮೀಟರು ಎಂದಷ್ಟೇ ಕೇಳಿ ಎದ್ದರು. ದೇವರ ಕೋಣೆಯ ಬೀರು ತೆಗೆದ ಸದ್ದಾಯಿತು. ಊಟದ ನಡುವೆ ಏಳುವುದೇನು ಎಂದು ಅಕ್ಕ ಸಿಡುಕುತ್ತಾಳೆ ಎಂದುಕೊಂಡೆ. ಅವಳು ಎದ್ದು, ಒಂದು ಬಾಟಲಿಗೆ ನೀರು ತುಂಬಿ, ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ ಭಾವನ ಕೈಗೆ ಕೊಟ್ಟಳು.

ಕಾರು ಹೋದ ಮೇಲೆ ಅವಳು ಬಂದು ನನ್ನ ಎದುರು ಕೂತಳು.

"ನಾವು ಆರು ವರ್ಷದ ಹಿಂದೆ ಒಂದು ಎಲ್ಕ್‌ಗೆ ಗುದ್ದಿದ್ವಲ್ಲ, ಗಾಡಿ ಜಖಂ ಆಯ್ತಲ್ಲ. ಆವತ್ತು ಓಡಿಸ್ತಿದ್ದದ್ದು ನಾನು ಕಣೇ. ಇವರು ಯಾರಿಗೂ ಹೇಳಿಲ್ಲ."

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

"ಸಾಯ್ಲಿಲ್ಲ ಅದು. ರಸ್ತೆ ಪಕ್ಕದಲ್ಲಿ ಬಿದ್ದು ಒಂದು ಗಂಟೆ ಒದ್ದಾಡ್ತು. ಹುಡುಕ್ಕೊಂಡು ಬರೋರು ದೂರದಿಂದ ಬರ್ಬೇಕಿತ್ತು. ಇವರು ನನ್ನ ಕಾರಲ್ಲಿ ಕೂರಿಸಿ, ಹೋಗಿ ಅದರ ಹತ್ರ ಕೂತ್ರು. ಅದು ಕೂಗ್ತಿದ್ದದ್ದು ಗಾಜು ಏರಿಸಿದ್ರೂ ಕೇಳ್ತಿತ್ತು. ಮನೆಗೆ ಬಂದ ಮೇಲೆ ನಾನು ಒಂದೇ ಮಾತು ಹೇಳಿದ್ದು, ಯಾರಾದ್ರೂ ಸ್ವಲ್ಪ ಬೇಗ ಬರಬಾರದಿತ್ತಾ ಅಂತ. ಒಂದು ತಿಂಗಳು ಅದನ್ನೇ ಹೇಳ್ತಿದ್ದೆ. ಆಮೇಲೆ ಇವರು ಆ ಪುಸ್ತಕ ತಂದು ಓದೋಕೆ ಕೂತ್ರು."

ಪರೀಕ್ಷೆಯ ಕಾಯಿಲೆ ಎಂದು ಇಷ್ಟು ವರ್ಷ ನಗಾಡಿದವಳು ನಾನು. ನನಗೆ ನಾಚಿಕೆಯಾಯಿತು, ಭಾವನ ಮೇಲೆ ಎಲ್ಲಿಲ್ಲದ ಪ್ರೀತಿಯೂ ಬಂತು. ಅಕ್ಕನ ಕೈ ಹಿಡಿದುಕೊಂಡು ಕೂತೆ.

ಮುಕ್ಕಾಲು ಗಂಟೆಯಾದ ಮೇಲೆ ಅವಳ ಫೋನ್ ಹೊಡೆದುಕೊಂಡಿತು. ಅಕ್ಕ ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಬೇಗ ಸಿಕ್ತು ಕಣೇ" ಎಂದರು ಭಾವ. "ನಾನು ಹೋಗಿ ಐದು ನಿಮಿಷ ಆಗಿರ್ಲಿಲ್ಲ. ಬೇಗ ಆಯ್ತು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಪೊಂಗಲ್ ಬಿಸಿ ಮಾಡ್ತೀನಿ, ಬನ್ನಿ" ಎಂದಳು.