ಬಾರದ ಕಂಪ್ಯೂಟರಿಗಾಗಿ ಹೊರಗೆ ಬಿಟ್ಟ ಚಪ್ಪಲಿ

...ಕಂಪ್ಯೂಟರನ್ನು ಸೈಕಲ್ಲಿನ ಬೆಲೆಗೆ ಕೊಡುತ್ತೇವೆ ಎಂದಿರೋ, ಅದಕ್ಕಿಂತ ಕಡಿಮೆಗೆ ಎಂದಿರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಕಡಿಮೆಗೆ ಎಂದೇ ಇರಬೇಕು, ಏಕೆಂದರೆ ಆ ಮಾತು ಕೇಳಿದ ನಮ್ಮ ಕಟ್ಟಡದ ಯಜಮಾನರಾದ ಶಂಭುಲಿಂಗಪ್ಪನವರು ತಮ್ಮ ಸೈಕಲ್ಲನ್ನು ಸ್ವಲ್ಪ ಅನುಮಾನದಿಂದ ನೋಡಿದ್ದರು.

ಸರ್ವಸುಲಭ ಕಂಪ್ಯೂಟರ್ ಕಂಪನಿಯ ಮಾನ್ಯ ವ್ಯವಸ್ಥಾಪಕರೇ, ನಂಜನಗೂಡಿನಿಂದ ಸಾಷ್ಟಾಂಗ ವಂದನೆಗಳು. ನಾನು ಇಲ್ಲಿ ರುದ್ರಾಣಿಯವರ ಟೈಪಿಂಗ್ ಶಾಲೆಯಲ್ಲಿ ಶೀಘ್ರಲಿಪಿ ಕಲಿಸುವವನು. ಎಂಬತ್ತೈದರ ದಸರೆಗೆ ಮುಂಚೆ ತಮ್ಮ ಪ್ರತಿನಿಧಿ ನಿಂಗರಾಜು ಅವರು ಬಂದು, ಯಂತ್ರದ ಬಣ್ಣದ ಚಿತ್ರವೊಂದನ್ನು ತೋರಿಸಿ, "ತಿಂಗಳೊಳಗೆ ಬತ್ತದೆ ಸಾ, ಧೂಳು ಮಾತ್ರ ತಾಗಬಾರದು, ಈಗಿಂದ್ಲೇ ಚಪ್ಪಲಿ ಆಚೆ ಬಿಟ್ಟು ಅಭ್ಯಾಸ ಮಾಡ್ಕಳಿ" ಎಂದು ಹೇಳಿ ಹೋದರು. ರುದ್ರಾಣಿಯವರು ಅಂದೇ ಮೂರು ಟೈಪ್‌ರೈಟರುಗಳಲ್ಲಿ ಒಂದನ್ನು ಅಟ್ಟಕ್ಕೇರಿಸಿ ಮೇಜನ್ನು ತೆರವು ಮಾಡಿದರು. ಒಂಬತ್ತು ತಿಂಗಳಿಂದ ನಾವೆಲ್ಲ ಬರಿಗಾಲಲ್ಲಿ ಆ ಬರಿಯ ಮೇಜಿನ ಸುತ್ತ ಓಡಾಡುತ್ತಿದ್ದೇವೆ.

ತಮ್ಮ ಯಂತ್ರವನ್ನು ಎಷ್ಟು ಹೊಗಳಿದರೂ ಸಾಲದು. ಕರೆಂಟು ಹೋದರೂ ನಿಲ್ಲದ, ರಿಪೇರಿಗೆ ಬಾರದ, ಒಂದು ತಪ್ಪನ್ನೂ ಮಾಡದ ಯಂತ್ರವನ್ನು ನಾನು ಬೇರೆ ಕಂಡಿಲ್ಲ. ಬಾಗಿಲಲ್ಲಿ ಅಷ್ಟೊಂದು ಚಪ್ಪಲಿ ಕಂಡು, ಒಳಗೆ ಯಾವುದೋ ದೇವರಿರಬೇಕೆಂದುಕೊಂಡ ಹೂ ಮಾರುವ ಮಂಚಮ್ಮ, ದಿನವೂ ಮೇಜಿನ ಮೇಲೆ ಮೊಳ ಹೂವಿಟ್ಟು ಹೋಗುತ್ತಾಳೆ. ಅಲ್ಲಿ ಏನೂ ಇಲ್ಲವಲ್ಲ ಎಂದು ನಾನು ಅಂದದ್ದಕ್ಕೆ, "ಬತ್ತದೆ ಅಂತೀರಲ್ಲ ಸಾಮಿ, ಬರೋಗಂಟ ಬರಿದಾಗಿರ್ಬೇಕಾ" ಎಂದಳು. ನನ್ನ ಅಪನಂಬಿಕೆಯೂ ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿತ್ತು.

ಕಷ್ಟವಿರುವುದು ನಮ್ಮಲ್ಲಿ ಟೈಪಿಂಗ್ ಕಲಿಯುವ ಪುಟ್ಟಲಕ್ಷ್ಮಿಗೆ. ಪರೀಕ್ಷೆಗೆ ಇನ್ನು ಹನ್ನೊಂದು ದಿನ. ಎರಡು ಟೈಪ್‌ರೈಟರುಗಳಿಗೆ ಒಂಬತ್ತು ಮಂದಿ ಸರದಿ ಕಾಯುತ್ತಾರೆ. ಈ ಸಲವೂ ಫೇಲಾದರೆ ಟಿ. ನರಸೀಪುರದಿಂದ ಇನ್ನು ಬಸ್ಸು ಹತ್ತಬೇಕಾಗಿಲ್ಲವೆಂದು ಮನೆಯಲ್ಲಿ ಅವಳಿಗೆ ಹೇಳಿಬಿಟ್ಟಿದ್ದಾರೆ. ಅಟ್ಟದ ಮೇಲಿನದನ್ನು ಇಳಿಸೋಣವೆಂದರೆ, ಹೂವಿಟ್ಟ ಮೇಜಿನ ಮೇಲೆ ಹೇಗಿಡುವುದೆಂದು ರುದ್ರಾಣಿಯವರು ಹಿಂಜರಿಯುತ್ತಾರೆ. ಆದ್ದರಿಂದ ತಾವು ದಯಮಾಡಿ, ಇನ್ನೂ ಬಾರದಿರುವ ತಮ್ಮ ಯಂತ್ರವನ್ನು ಕೂಡಲೇ ಬಂದು ವಾಪಸು ತೆಗೆದುಕೊಂಡು ಹೋಗಬೇಕಾಗಿ ಬೇಡುತ್ತೇನೆ.

ಬರಿಗಾಲಲ್ಲಿ ನಿಂತಿರುವ
ತಮ್ಮ ವಿಶ್ವಾಸಿ,
ಬದರೀನಾರಾಯಣ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲೇ ರುದ್ರಾಣಿಯವರು ಮನಸ್ಸು ಗಟ್ಟಿ ಮಾಡಿ ಟೈಪ್‌ರೈಟರನ್ನು ಮೇಜಿಗಿಳಿಸಿದರು. ಪುಟ್ಟಲಕ್ಷ್ಮಿ ಅಭ್ಯಾಸಕ್ಕೆಂದು ಈ ಕಾಗದವನ್ನೇ ಅದರಲ್ಲಿ ಟೈಪು ಮಾಡಿದ್ದಾಳೆ. ನಾಲ್ಕೇ ತಪ್ಪು, ತಮ್ಮ ಯಂತ್ರಕ್ಕಿಂತ ನಾಲ್ಕು ಹೆಚ್ಚು. ಬೆಳಿಗ್ಗೆ ಬಂದ ಮಂಚಮ್ಮ ಮೇಜಿನ ಮೇಲಿನ ಟೈಪ್‌ರೈಟರನ್ನು ಒಂದು ಸಲ ದಿಟ್ಟಿಸಿ ನೋಡಿ, ಹೂವನ್ನು ಅದರ ಮೇಲೇ ಇಟ್ಟು ಹೋದಳು. ಈಗ ತಾವೇ ಹೇಳಬೇಕು ವ್ಯವಸ್ಥಾಪಕರೇ, ನಾವು ಇನ್ನಾದರೂ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗಬಹುದೇ?